ಎರಡು ಸಲ ಉಪ್ಪು

ಡಿಸೆಂಬರ್ 4, ಬುಧವಾರ

ಬಾಯಿಗೆ ಬೀಗ ಬಿತ್ತು. ಇವತ್ತಿನಿಂದ ಒಂದು ತಿಂಗಳು ನಾನು ಮಾತಾಡುವ ಹಾಗಿಲ್ಲ. ಮೆಲ್ಲಗೂ ಇಲ್ಲ, ಪಿಸುಗುಟ್ಟುವುದೂ ಇಲ್ಲ, ಬಚ್ಚಲಲ್ಲಿ ಹಾಡು ಗುನುಗುವುದೂ ಇಲ್ಲ. ಗಂಟಲಿನ ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿ, ದನಿ ಹುಟ್ಟುವ ಜಾಗದಲ್ಲಿ ಎರಡು ಗಂಟು ಎದ್ದಿವೆ, ಪೂರ್ತಿ ವಿಶ್ರಾಂತಿ ಕೊಟ್ಟರೆ ಕರಗಬಹುದು ಅಂದರು. ಕರಗುತ್ತವೆ ಅನ್ನಲಿಲ್ಲ, ಕರಗಬಹುದು ಅಂದರು. ನಾನು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುವವಳು, ದನಿಯೇ ನನ್ನ ಹೊಟ್ಟೆಪಾಡು ಅಂತ ಗೊಗ್ಗರು ಗಂಟಲಲ್ಲಿ ಹೇಳಿಕೊಂಡೆ. ಅದಕ್ಕವರು, "ಮೈಕ್ ಇಟ್ಕೊಂಡು ಮಾತಾಡೋರಿಗೆ ಹೀಗಾಗಲ್ಲಮ್ಮ. ಮನೇಲಿ ಯಾರ ಮೇಲೆ ಕೂಗ್ತೀರಿ?" ಅಂದರು. ಜೊತೆಗೆ ಬಂದಿದ್ದ ನಮ್ಮ ಯಜಮಾನರು ಕಿಟಕಿಯ ಕಡೆ ತಿರುಗಿಕೊಂಡು ಮೀಸೆಯೊಳಗೇ ನಕ್ಕರು. ಇವರನ್ನು ಆಮೇಲೆ ನೋಡಿಕೊಳ್ಳುತ್ತೇನೆ.

ಯಾರ ಮೇಲೆ ಕೂಗುವುದು? ನಮ್ಮ ಮನೆಯ ದೊರೆಸಾನಿಯ ಮೇಲೆ, ಅಂದರೆ ಅತ್ತೆಯ ಮೇಲೆ. ವಯಸ್ಸಿನ ಕಾಲವನ್ನೆಲ್ಲ ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ನಡುವೆ ಕಳೆದು ಅವರ ಕಿವಿ ಕಲ್ಲಾಗಿದೆ. ನಾನು ಸೊಸೆಯಾಗಿ ಬಂದ ದಿನದಿಂದ, ಟೀ ಆರುತ್ತಿದೆ ಅನ್ನುವುದಕ್ಕೂ ಬೀದಿಗೆಲ್ಲ ಕೇಳಿಸುವ ಹಾಗೆ ಅರಚಿದ್ದೇನೆ. ಅವರು ಮಾತ್ರ ನನ್ನ ಮುಖವನ್ನೇ ನೆಟ್ಟಗೆ ನೋಡುತ್ತಾ, ಹುಬ್ಬು ಗಂಟಿಕ್ಕಿ, ಕೊನೆಗೊಮ್ಮೆ "ಹ್ಞೂಂ" ಅನ್ನುತ್ತಾರೆ. ಆ ಒಂದು ಹ್ಞೂಂಗೆ ನನ್ನ ಗಂಟಲು ಬಲಿಯಾಯಿತು.

ಸ್ಟೇಷನ್ ಮಾಸ್ಟರ್ ಸಾಹೇಬರು ರಜೆಯೇನೋ ಕೊಟ್ಟರು. ನನ್ನ ಕುರ್ಚಿಯಲ್ಲಿ ಟಿಕೆಟ್ ಕೌಂಟರಿನ ಹುಡುಗಿಯನ್ನು ಕೂರಿಸುತ್ತಾರಂತೆ. ರಜೆ ಮುಗಿದ ಮೇಲೆ ಕುರ್ಚಿ ನನಗೇ ಅಲ್ಲವೇ ಅಂತ ಸ್ಲೇಟಿನಲ್ಲಿ ಬರೆದು ತೋರಿಸಿದೆ. "ದನಿ ಬರ್ಲಿ, ನೋಡೋಣ" ಅಂದರು. ಆ "ನೋಡೋಣ" ನನ್ನ ಹಿಂದೆಯೇ ಮನೆಗೆ ಬಂದು ಕೂತಿದೆ. ಮಾತಿಲ್ಲದೆ ತಿಂಗಳು ಕಳೆಯುವುದೆಂದರೆ ನನ್ನ ಕೈಲಾಗದ ಕೆಲಸ, ಅದಕ್ಕೇ ಈ ದಿನಚರಿ. ಇನ್ನು ನನ್ನ ವಟವಟವೆಲ್ಲ ಇಲ್ಲೇ.

ಡಿಸೆಂಬರ್ 6, ಶುಕ್ರವಾರ

ಚಳಿಯೆಂದರೆ ಎಂಥ ಚಳಿ! ಬೆಳಗ್ಗೆ ನಲ್ಲಿ ತಿರುಗಿಸಿದರೆ ಒಂದು ಸಲ ಗೊರಗೊರ ಅಂದು ಸುಮ್ಮನಾಯಿತು. ಪೈಪಿನೊಳಗೆ ನೀರು ಹೆಪ್ಪುಗಟ್ಟಿದೆ. ನಮ್ಮ ಯಜಮಾನರು ಪ್ಲಂಬರು. ಊರಿನ ಪೈಪುಗಳೆಲ್ಲ ಅವರನ್ನು ಕರೆಯುತ್ತಿರುವಾಗ ಮನೆಯ ಪೈಪಿಗೆ ಪುರುಸೊತ್ತೆಲ್ಲಿ? ಹಳೆ ಬಟ್ಟೆ ಸುತ್ತಿ ಮೇಲೆ ಬಿಸಿನೀರು ಹೊಯ್ಯಿ ಅಂತ ನನಗೇ ಪಾಠ ಹೇಳಿ ಸೈಕಲ್ ಹತ್ತಿದರು. ಹೋಗುವಾಗ, ಮನೆ ಎಷ್ಟು ತಣ್ಣಗಿದೆಯಲ್ಲ ಅಂತ ಬೇರೆ ಅಂದರು, ಚಳಿಯ ವಿಷಯವಲ್ಲ ಅಂತ ಮುಖದಲ್ಲೇ ಗೊತ್ತಾಯಿತು. ಸ್ಲೇಟ್ ಎತ್ತಿ ಎಸೆಯುವವಳಿದ್ದೆ. ಇರುವುದೊಂದೇ ಸ್ಲೇಟು ಅಂತ ಬಿಟ್ಟೆ.

ಹಳೆ ಬಟ್ಟೆ ಹುಡುಕುವಾಗ ಕಪಾಟಿನ ತಳಕ್ಕೆ ಹಾಸಿದ್ದ ವಾರಪತ್ರಿಕೆಯ ಹಾಳೆ ಕೈಗೆ ಬಂತು. "ಚಳಿಗಾಲಕ್ಕೆ ಹದಿನೈದು ಕುರುಕಲು ತಿಂಡಿಗಳು." ಓದಿದ್ದೇ ತಡ, ಮೈಯಲ್ಲಿ ಚಳಿಯೇ ಇಲ್ಲ! ಇಷ್ಟು ವರ್ಷ ಕುರುಕಲನ್ನು ಅಂಗಡಿಯಿಂದ ತಂದೇ ತಿಂದವಳು ನಾನು. ಡ್ಯೂಟಿಗೆ ಓಡುವವಳಿಗೆ ಬಾಣಲೆಯ ಮುಂದೆ ನಿಲ್ಲಲು ಹೊತ್ತೆಲ್ಲಿತ್ತು? ಈಗ ಇರುವುದೆಲ್ಲ ಹೊತ್ತೇ. ಹದಿನೈದನ್ನೂ ಮಾಡಿಯೇ ತೀರುತ್ತೇನೆ.

ಮೊದಲನೆಯದು ಆಲೂಗಡ್ಡೆ ಚಿಪ್ಸ್. ತೆಳ್ಳಗೆ ಹೆಚ್ಚಿ, ಕಾದ ಎಣ್ಣೆಗೆ ಬಿಟ್ಟು, ಬಣ್ಣ ತಿರುಗುತ್ತಲೇ ತೆಗೆದೆ. ಬಾಯಲ್ಲಿಟ್ಟರೆ ಒದ್ದೆ ರಟ್ಟು. ದೊರೆಸಾನಿ ಒಂದನ್ನು ಎತ್ತಿಕೊಂಡು ಎರಡು ಬೆರಳಲ್ಲಿ ಬಗ್ಗಿಸಿದರು. ಅದು ಮುರಿಯದೆ ಮಡಚಿಕೊಂಡಿತು. ತಿರುಗಿ ತಟ್ಟೆಯಲ್ಲೇ ಇಟ್ಟು ಎದ್ದು ಹೋದರು. ಒಂದು ಮಾತಿಲ್ಲ, ಕತೆಯಿಲ್ಲ. ನನಗಾದರೆ ಡಾಕ್ಟರು ಹೇಳಿದ್ದಾರೆ, ಇವರಿಗೇನು ಬಂದಿದೆ ಮಾತಾಡಲು?

ಡಿಸೆಂಬರ್ 7, ಶನಿವಾರ

ಮತ್ತೆ ಚಿಪ್ಸ್. ಮತ್ತೆ ರಟ್ಟು. ಬಿಡುವವಳಲ್ಲ ನಾನು.

ಡಿಸೆಂಬರ್ 10, ಮಂಗಳವಾರ

ಗೆದ್ದೆ! ಚಿಪ್ಸನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ನಿನ್ನೆ ಕಡಲೆಕಾಯಿ ಬೀಜಕ್ಕೆ ಕೈ ಹಾಕಿದ್ದೆ. ಅಂಗಡಿಯ ಉಪ್ಪಿನ ಬೀಜವನ್ನೇ ತಂದು, ಖಾರದ ಪುಡಿ ಬೆರೆಸಿದ ಹಿಟ್ಟನ್ನು ಮೈತುಂಬ ಹಚ್ಚಿ, ಸಣ್ಣ ಉರಿಯಲ್ಲಿ ಕರಿದೆ. ಗರಿಗರಿ ಅಂದರೆ ಗರಿಗರಿ. ಯಜಮಾನರು ಒಂದು ಹಿಡಿ ಬಾಯಿಗೆ, ಇನ್ನೊಂದು ಹಿಡಿ ಜೇಬಿಗೆ. ದೊರೆಸಾನಿ ಅಗಿಯುವಾಗ ದವಡೆಗೆ ಅಂಗೈ ಒತ್ತಿಕೊಂಡು ಕೂತಿದ್ದರು, ಹಲ್ಲುನೋವೇನೋ ಅಂದುಕೊಂಡೆ. ಹಲ್ಲುನೋವಿನವರು ಬಟ್ಟಲು ಖಾಲಿ ಮಾಡುತ್ತಾರೆಯೇ?

ಆ ಖಾಲಿ ಬಟ್ಟಲು ನೋಡಿದಾಗಲೇ ಉಪಾಯ ಹೊಳೆಯಿತು. ಯಜಮಾನರ ಕೈಯಲ್ಲಿ ಸ್ಟೇಷನ್ನಿಗೆ ಒಂದು ಡಬ್ಬಿ ಕಳಿಸಿದರೆ? ನನ್ನ ದನಿ ಅವರಿಗೆ ಮರೆತುಹೋದರೂ ಕೈರುಚಿ ಮರೆಯಬಾರದು. ಇದನ್ನು ಲಂಚ ಅನ್ನುವವರು ಅನ್ನಲಿ. ಬೆಳಗ್ಗೆ ಹೋದ ಡಬ್ಬಿ ಸಂಜೆಗೆ ಖಾಲಿಯಾಗಿ ಬಂತು! ಸಾಹೇಬರು ಡಬ್ಬಿಯ ತಳ ಕೆರೆದು ಬೆರಳು ಚೀಪಿದರಂತೆ. ಮತ್ತೆ ಯಾವಾಗ ಬರೋದು ಅಂತ ಕೇಳಿದರಂತೆ. ನಾನೋ, ಡಬ್ಬಿಯೋ ಅಂತ ಇವರು ಕೇಳಿಕೊಂಡು ಬರಲಿಲ್ಲ. ಇಂಥ ಸಮಯದಲ್ಲೇ ಇವರ ಬಾಯಿಗೆ ಬೀಗ ಬೀಳುವುದು.

ಡಿಸೆಂಬರ್ 13, ಶುಕ್ರವಾರ

ಮಾನ ಹೋಯಿತು. ಎಳ್ಳು ಹಾಕಿದ ಹಿಟ್ಟಿನ ಪಟ್ಟಿಗಳನ್ನು ಕರಿದು ಎರಡನೇ ಡಬ್ಬಿ ಕಳಿಸಿದ್ದೆ. ಬೆಳಗ್ಗೆ ಇವರು ಹೊರಟು ನಿಂತಿದ್ದರು, ರುಚಿ ನೋಡಲೂ ಪುರುಸೊತ್ತಾಗದೆ ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದ್ದೆ. ಸಂಜೆ ಡಬ್ಬಿ ಪೂರ್ತಿ ತುಂಬಿಕೊಂಡೇ ವಾಪಸ್ ಬಂತು. ಒಂದನ್ನು ಕಚ್ಚಿ ನೋಡಿದೆ. ಉಪ್ಪಿನ ಗಟ್ಟಿ! ಜೊತೆಗೆ ಹಬೆಗೆ ಮೆತ್ತಗೂ ಆಗಿತ್ತು. ಆ ಟಿಕೆಟ್ ಹುಡುಗಿ ಒಂದು ತಿಂದು ಮೈಕ್ ಹಿಡಿದಳಂತೆ. "ಪ್ರಯಾಣಿಕರೇ, ದಯವಿಟ್ಟು" ಅನ್ನುವಷ್ಟರಲ್ಲಿ ಕೆಮ್ಮು ಬಂದು, ಎರಡು ಪ್ಲಾಟ್‌ಫಾರಮ್ಮಿಗೂ ಕೆಮ್ಮನ್ನೇ ಅನೌನ್ಸ್ ಮಾಡಿದಳಂತೆ. ಪಾಪ ಅನ್ನಿಸಿತು. ಸ್ವಲ್ಪ ಖುಷಿಯೂ ಆಯಿತು, ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಹೇಗಾಯಿತು ಅನ್ನುವುದೇ ತಿಳಿಯುತ್ತಿಲ್ಲ. ಹಾಳೆಯನ್ನು ನಮ್ಮ ಅನೌನ್ಸ್‌ಮೆಂಟಿನ ಧಾಟಿಯಲ್ಲೇ ಮನಸ್ಸಿನಲ್ಲಿ ಓದಿಕೊಳ್ಳುತ್ತಾ, ಒಂದಕ್ಷರ ಬಿಡದೆ ಮಾಡಿದ್ದೆ. ಕೆಲಸದಲ್ಲಿ ಇಷ್ಟು ವರ್ಷಕ್ಕೆ ಒಂದೇ ಒಂದು ರೈಲಿನ ನಂಬರು ತಪ್ಪು ಓದಿದವಳಲ್ಲ ನಾನು.

ಉಪ್ಪಿಗಿಂತ ಕಹಿಯಾದ ಸುದ್ದಿ ಇನ್ನೊಂದಿದೆ. ದೊಡ್ಡ ಆಫೀಸಿನವರು ಒಂದು ಯಂತ್ರ ಕಳಿಸುತ್ತಾರಂತೆ. ಅದರಲ್ಲಿ ಮೊದಲೇ ತುಂಬಿಟ್ಟ ದನಿ ಇರುತ್ತದೆ, ಗುಂಡಿ ಒತ್ತಿದರೆ ತಾನೇ ಹೇಳುತ್ತದೆ. ಅದಕ್ಕೆ ಗಂಟಲಿಲ್ಲ, ಗಂಟೂ ಇಲ್ಲ.

ಡಿಸೆಂಬರ್ 14, ಶನಿವಾರ

ಮಂಜು. ಎದುರಿನ ಮನೆಯೂ ಕಾಣುವುದಿಲ್ಲ. ಒಲೆ ಹಚ್ಚಲಿಲ್ಲ.

ಡಿಸೆಂಬರ್ 18, ಬುಧವಾರ

ಎಂಥ ದಿನ! ಚಿಪ್ಸ್ ಮುರಿಯಿತು! ಪಟ್ ಅಂತ!

ಆದದ್ದು ಹೀಗೆ. ಬೆಳಗ್ಗೆ ಎದ್ದು ಬಂದರೆ ಅತ್ತೆ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಆಲೂಗಡ್ಡೆ ಹೆಚ್ಚುತ್ತಾ ಕೂತಿದ್ದರು. ನನ್ನ ಮುಖ ನೋಡಿ, ಇನ್ನೊಂದು ಸ್ಟೂಲ್ ಕಾಲಲ್ಲಿ ಮುಂದೆ ತಳ್ಳಿದರು. ಬಿಲ್ಲೆಗಳನ್ನು ತಣ್ಣೀರಲ್ಲಿ ತೊಳೆಸಿದರು, ಕುದಿಯುವ ಉಪ್ಪುನೀರಲ್ಲಿ ಒಂದೇ ಒಂದು ಗಳಿಗೆ ಅದ್ದಿಸಿದರು, ಬಟ್ಟೆಯ ಮೇಲೆ ಹರಡಿಸಿ ಒಲೆಯ ಪಕ್ಕ ಒಣಗಿಸಿದರು. ಎಲ್ಲ ಕೈಸನ್ನೆಯಲ್ಲೇ. ಎಣ್ಣೆಗೆ ಬಿಟ್ಟಾಗ ಚುಂಯ್ ಅಂತ ಸದ್ದಾಯಿತು, ನಾನು ಎಂದಿನ ಹಾಗೆ ಸದ್ದಿಗೆ ಕಿವಿಗೊಟ್ಟೆ. ಅತ್ತೆ ನನ್ನ ಗಲ್ಲ ಹಿಡಿದು ಮುಖವನ್ನು ಬಾಣಲೆಯ ಕಡೆ ತಿರುಗಿಸಿದರು.

"ಗುಳ್ಳೆ ನೋಡು. ಅದು ಆಲೂಗಡ್ಡೆಯೊಳಗಿನ ನೀರು. ಗುಳ್ಳೆ ಗಲಾಟೆ ಮಾಡೋವರೆಗೂ ಮುಟ್ಬೇಡ. ಸುಮ್ಮನಾದ ಮೇಲೆ ತೆಗಿ."

ನೋಡಿದೆ. ಗುಳ್ಳೆಗಳು ಕುಣಿದವು, ಕುಣಿದು ಕುಣಿದು ಸಣ್ಣಗಾದವು, ಒಂದೊಂದಾಗಿ ಅಡಗಿದವು. ಅತ್ತೆ ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲನೆ ಕೆಳಗಿಳಿಸಿದರು. ಸುಮ್ಮನಾಯಿತು, ತೆಗಿ ಅಂತ ಅರ್ಥ. ತೆಗೆದು, ಆರಲು ಬಿಟ್ಟು, ಮುರಿದರೆ ಪಟ್! ಡಬ್ಬಿಗೆ ತುಂಬುವುದಕ್ಕೆ ಮೊದಲು ಡಬ್ಬಿಯನ್ನೂ ಒಲೆಯ ಪಕ್ಕ ಬೆಚ್ಚಗೆ ಮಾಡಿಸಿದರು, ಈ ಮಂಜಿನ ತೇವ ಒಳಗೆ ಉಳಿಯಬಾರದಂತೆ. ಸಂಜೆಯವರೆಗೆ ಹಾಗೇ ಗರಿಗರಿ. ಯಜಮಾನರು ಬಂದಾಗ ಬಾಗಿಲಲ್ಲೇ ಬಾಯಿಗೆ ತುರುಕಿದೆ. ಹದಿನೈದರಲ್ಲಿ ಇನ್ನೂ ಹನ್ನೆರಡಿವೆ, ಅತ್ತೆ ಆಗಲೇ ಹಾಳೆಯಲ್ಲಿ ನಾಳೆಯದನ್ನು ಹುಡುಕುತ್ತಿದ್ದಾರೆ.

ಡಿಸೆಂಬರ್ 22, ಭಾನುವಾರ

ಹೇಗೆ ಬರೆಯಲಿ, ಎಲ್ಲಿಂದ ಶುರು ಮಾಡಲಿ? 

ಎಳ್ಳಿನ ಪಟ್ಟಿಯ ಮಾನ ಉಳಿಸಲು ಇವತ್ತು ಮತ್ತೆ ಅದನ್ನೇ ಹಿಡಿದೆವು. ಮೇಜಿನ ಈ ಕಡೆ ನಾನು ಹಿಟ್ಟಿನ ಬೋಗುಣಿಯ ಜೊತೆ, ಆ ಕಡೆ ಅತ್ತೆ ಎಳ್ಳು ಆರಿಸುತ್ತಾ. ಹಾಳೆಯನ್ನು ನನ್ನ ಧಾಟಿಯಲ್ಲೇ ಓದಿಕೊಳ್ಳುತ್ತಿದ್ದೆ. ದನಿಯಿಲ್ಲ, ಉಸಿರೂ ಇಲ್ಲ, ತುಟಿ ಮಾತ್ರ ಆಡುತ್ತಿತ್ತು. "ಉಪ್ಪು ಒಂದು ಚಮಚ" ಅಂದುಕೊಂಡೆ, ಹಾಕಿದೆ. "ಉಪ್ಪು ಒಂದು ಚಮಚ" ಅಂದುಕೊಂಡೆ, ಕೈ ಮತ್ತೆ ಉಪ್ಪಿನ ಡಬ್ಬಿಗೆ ಹೋಯಿತು. ಅತ್ತೆ ಮೇಜಿನಾಚೆಯಿಂದ ಗಪ್ಪನೆ ನನ್ನ ಮಣಿಕಟ್ಟು ಹಿಡಿದರು.

"ಹಾಕಾಯ್ತಲ್ಲ. ಎರಡ್ಸಲ ಯಾಕೆ ಹೇಳ್ತೀಯ?"

ನಮ್ಮ ಕೆಲಸದಲ್ಲಿ ಎಲ್ಲವನ್ನೂ ಎರಡು ಸಲ ಹೇಳಬೇಕು. ಮೊದಲನೆಯದು ಜನ ಕಿವಿ ಕೊಡಲಿ ಅಂತ, ಎರಡನೆಯದು ಕೇಳಿಸಿಕೊಳ್ಳಲಿ ಅಂತ. ಆ ರೂಢಿ ಅಡುಗೆಮನೆಗೂ ಬಂದು ಕೂತಿದೆ! ಹಿಟ್ಟಿಗಾದರೆ ಬೋಗುಣಿ ತುಂಬಿ ಕೈ ತಾನೇ ನಿಲ್ಲುತ್ತದೆ, ಉಪ್ಪಿಗೆ ತಡೆಯುವವರಿಲ್ಲ. ಅವತ್ತಿನ ಡಬ್ಬಿಯ ಗುಟ್ಟು ಇದು. ಬಂದ ನಗು ಬಾಯಲ್ಲೇ ನಿಂತುಹೋಯಿತು. ಇವರಿಗೆ ಹೇಗೆ ಗೊತ್ತಾಯಿತು? ನನ್ನ ಬಾಯಿಂದ ಸದ್ದೇ ಬಂದಿಲ್ಲ, ಬಂದಿದ್ದರೂ ಇವರಿಗೆ ಕೇಳಿಸುವುದಿಲ್ಲ. ನಿಮಗೆ ಕೇಳಿಸಿತೇ ಅಂತ ಬರೀ ತುಟಿಯಲ್ಲಿ ಕೇಳಿದೆ.

"ಕೇಳಿಸೋದೇನು, ಕಾಣಿಸ್ತು" ಅಂದರು. "ಮಿಲ್ಲಲ್ಲಿ ಅಷ್ಟು ಮಗ್ಗದ ಮಧ್ಯೆ ಯಾರು ಕೂಗ್ತಾರೆ? ಎಲ್ರೂ ತುಟೀಲೇ ಮಾತಾಡ್ತಿದ್ವಿ. ಈ ಮೂಲೇಲಿ ಒಬ್ಬಳಿಗೆ ಗಂಡು ಗೊತ್ತಾದ್ರೆ ಆ ಮೂಲೇಲಿ ನಗ್ತಿದ್ರು."

ಹಾಗಾದರೆ ಇಷ್ಟು ವರ್ಷ ನಾನು ಹೇಳಿದ್ದು? ತುಟಿಯಲ್ಲೇ ಕೇಳಿದೆ, ಅರ್ಥ ಮಾಡಿಕೊಂಡರು.

"ನೀನು ಕೂಗ್ತಿದ್ದೆ. ಕೂಗಿದ್ರೆ ಬಾಯಿ ಬಾವಿ ಥರ ತೆರ್ಕೊಳ್ಳುತ್ತೆ, ಮಾತು ಎಲ್ಲಿ ಕಾಣ್ಸುತ್ತೆ? ಸೊಸೆಗೆ ನನ್ನ ಮೇಲೆ ಸಿಟ್ಟು ಅನ್ನೋದಷ್ಟೇ ಕಾಣ್ತಿತ್ತು. ಹ್ಞೂಂ ಅಂತಿದ್ದೆ."

ಟೀ ಆರುತ್ತಿದೆ ಅಂತ ಕೂಗಿದ್ದು. ಚಳಿಯಿದೆ, ಶಾಲು ಹೊದ್ದುಕೊಳ್ಳಿ ಅಂತ ಕೂಗಿದ್ದು. ಅಷ್ಟೂ ಅವರಿಗೆ ಸಿಟ್ಟಾಗಿಯೇ ತಲುಪಿತ್ತು. ಹೇಳಬಾರದಿತ್ತೇ ಅಂತ ಕೇಳಿದೆ. "ಹೇಳೋಣ ಅಂದ್ರೆ ನೀನು ಬಾಯಿ ಮುಚ್ಚಿದ್ದು ಯಾವಾಗ?" ಅಂದರು. ನಾನು ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಸದ್ದು ಮಾಡಿ ಅಳುವುದೂ ಡಾಕ್ಟರ ಪ್ರಕಾರ ನಿಷಿದ್ಧ, ಕಣ್ಣೀರಿನಲ್ಲೇ ಮುಗಿಸಬೇಕಾಯಿತು. ಎಷ್ಟು ವರ್ಷ ಗಂಟಲು ಹರಿದುಕೊಂಡೆ, ಯಾತಕ್ಕೆ? ಸಂಕಟವೂ ಆಯಿತು, ನಗುವೂ ಬಂತು, ಎರಡೂ ಒಟ್ಟಿಗೆ. ಅತ್ತೆ ಎಳ್ಳಿನ ತಟ್ಟೆ ಪಕ್ಕಕ್ಕಿಟ್ಟು ನನ್ನ ಬೆನ್ನು ಸವರಿದರು. "ಆಯ್ತಾ? ಎಣ್ಣೆ ಕಾದಿದೆ, ಏಳು" ಅಂದರು.

ಪಟ್ಟಿ ಮಾತ್ರ ಸೊಗಸಾಗಿ ಬಂತು. ಉಪ್ಪು ಹದವಾಗಿತ್ತು.

ಡಿಸೆಂಬರ್ 23, ಸೋಮವಾರ

ಇಡೀ ದಿನ ಮಾತು! ಬೆಳಗ್ಗೆಯಿಂದ ಸಂಜೆಯವರೆಗೆ, ಒಂದು ಉಸಿರೂ ಖರ್ಚು ಮಾಡದೆ. ಸ್ಲೇಟು ಕಪಾಟು ಸೇರಿತು. ಅಂಗೈ ದವಡೆಗೆ ಒತ್ತಿಕೊಳ್ಳುವುದು ಹಲ್ಲುನೋವಿಗಲ್ಲವಂತೆ, ಕುರುಂ ಅನ್ನುವುದು ಕೈಗೆ ಗೊತ್ತಾಗುತ್ತದಂತೆ. ನಾನೂ ಒತ್ತಿಕೊಂಡು ನೋಡಿದೆ, ನಿಜ! ಅತ್ತೆ ಮಿಲ್ಲಿನ ಮೇಸ್ತ್ರಿಯ ಮುಂದೆಯೇ ಅವನನ್ನು ಹೇಗೆ ಆಡಿಕೊಂಡು ನಗುತ್ತಿದ್ದರು ಅಂತ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕೆ, ಮೂಕನಗು. ಯಜಮಾನರು ಒಳಗೆ ಬಂದವರು, ಇಬ್ಬರು ಹೆಂಗಸರು ಸದ್ದಿಲ್ಲದೆ ಬಾಯಾಡಿಸುತ್ತಾ ಕಣ್ಣೀರು ಬರುವ ಹಾಗೆ ನಗುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಏನಂತೆ ಅಂತ ಕೇಳಿದರು. ನಾವು ಹೇಳಲಿಲ್ಲ.

ಡಿಸೆಂಬರ್ 27, ಶುಕ್ರವಾರ

ಟಿಕೆಟ್ ಕೌಂಟರಿನ ಹುಡುಗಿ ಮನೆಗೆ ಬಂದಿದ್ದಳು. ಮೂಗು ಕೆಂಪಗೆ, ಕುತ್ತಿಗೆಗೆ ಎರಡು ಸುತ್ತು ಮಫ್ಲರ್. "ಅಕ್ಕಾ" ಅಂದಳು, ಅಷ್ಟಕ್ಕೇ ಗಂಟಲು ಕೀರಲು. ಈ ಮಂಜಿನಲ್ಲಿ ರೈಲುಗಳೆಲ್ಲ ತಡ, ದಿನವಿಡೀ ಹೇಳಿ ಹೇಳಿ ಸಾಕಾಗಿದೆ, ಜನಕ್ಕೆ ಕೇಳಿಸುವುದಿಲ್ಲ ಅಂತ ಕೂಗಿ ಕೂಗಿ ಹೇಳುತ್ತಿದ್ದಾಳಂತೆ. ಅವಳಿಗೆ ನನ್ನ ಕುರ್ಚಿ ಬೇಡವೇ ಬೇಡ, ಕೌಂಟರಿಗೆ ಹೋದರೆ ಸಾಕಾಗಿದೆ. ಪಾಪ, ಮಗುವಿನಂಥ ಹುಡುಗಿ. ಉಪ್ಪಿನ ಪಟ್ಟಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೇಳಿಕೊಡಬೇಕು, ಆದರೆ ನನಗೆ ಬಾಯಿಲ್ಲ. ನಾನು ತುಟಿಯಾಡಿಸಿದೆ, ಅತ್ತೆ ದನಿ ಕೊಟ್ಟರು. "ಕೂಗ್ಬೇಡ ಅಂತಿದಾಳೆ. ಮೈಕಿನ ಕೆಲಸ ಮೈಕ್ ಮಾಡ್ಲಿ ಅಂತಿದಾಳೆ. ಒಂದೊಂದು ಮಾತನ್ನೂ ತುಟೀಲಿ ಪೂರ್ತಿ ಕಟ್ಟಿ ಬಿಡು, ನುಂಗ್ಬೇಡ." ಕೊನೆಯದನ್ನು ನಾನು ಹೇಳಿರಲಿಲ್ಲ, ಅತ್ತೆಯೇ ಸೇರಿಸಿದ್ದು. ಹುಡುಗಿ ನಮ್ಮಿಬ್ಬರ ಮುಖವನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಬೆಲ್ಲ ಹಚ್ಚಿ ಹುರಿದ ಬೀಜದ ಡಬ್ಬಿ ಕೊಟ್ಟು ಕಳಿಸಿದೆವು. ಒಂಬತ್ತನೇ ತಿಂಡಿ ಅದು, ಮೊದಲ ಸಲಕ್ಕೇ ಸರಿಯಾಗಿ ಬಂದದ್ದು.

ಹೋಗುವ ಮುಂಚೆ ಹುಡುಗಿ ಹೇಳಿದಳು: ಯಂತ್ರ ಬಂದಿದೆ, ಗೋಡೆಗೆ ಕೂರಿಸಿದ್ದಾರೆ, ಮುಂದಿನ ವಾರ ಪರೀಕ್ಷೆಗೆ ಹಚ್ಚುತ್ತಾರೆ.

ಜನವರಿ 2, ಗುರುವಾರ

ಡಾಕ್ಟರು ಬೀಗ ತೆಗೆದರು. ಒಂದು ಗಂಟು ಹೋಗಿದೆ, ಇನ್ನೊಂದು ಹೋಗುವುದರಲ್ಲಿದೆ. ಮೆಲ್ಲಗೆ ಮಾತಾಡಬಹುದು, ಇನ್ನು ಜೀವಮಾನದಲ್ಲಿ ಕೂಗುವಂತಿಲ್ಲ ಅಂದರು. ಕುಣಿದಾಡಬೇಕಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು "ಪ್ರಯಾಣಿಕರೇ, ದಯವಿಟ್ಟು ಗಮನಿಸಿ" ಅಂದೆ.

ಇದು ನನ್ನ ದನಿಯಲ್ಲ. ತಗ್ಗಾಗಿದೆ, ಅಂಚಿನಲ್ಲಿ ಸ್ವಲ್ಪ ತರಿತರಿ. ಖಣಖಣ ಅನ್ನುತ್ತಿದ್ದ ದನಿ ಎಲ್ಲಿ ಹೋಯಿತು? ಅದನ್ನು ಕೇಳಿಯೇ ನನಗೆ ಕೆಲಸ ಕೊಟ್ಟಿದ್ದು. ಸೋಮವಾರ ಬನ್ನಿ, ಒಂದು ಸಲ ಕೇಳಿ ತೀರ್ಮಾನ ಮಾಡೋಣ ಅಂತ ಸಾಹೇಬರು ಹೇಳಿಕಳಿಸಿದ್ದಾರೆ. ಕೇಳಿದರೆ ಮುಗಿಯಿತು. ಗೋಡೆಯ ಮೇಲೆ ಯಂತ್ರ ಕಾದು ಕೂತಿದೆ.

ಅತ್ತೆಯ ಮುಂದೆ ಕೂತು, ನನ್ನ ದನಿ ಹಾಳಾಗಿದೆ ಅಂದೆ. ಅವರು ನನ್ನ ಮುಖ ನೋಡಿದರು.

"ನಿನ್ನ ದನಿ ಹೇಗಿತ್ತೋ ನಂಗೊತ್ತಿಲ್ಲ. ಮಾತು ಚೆನ್ನಾಗಿದೆ" ಅಂದರು.

ಜನವರಿ 5, ಭಾನುವಾರ

ಹಿಮ! ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲೇ ಇಲ್ಲ, ಎಲ್ಲ ಬೆಳ್ಳಗೆ. ಈ ಚಳಿಗೆ ಕರಿಯುವುದೊಂದೇ ಕೆಲಸ ಅಂತ ಅತ್ತೆ ಮತ್ತು ನಾನು ಬೆಳಗ್ಗೆಯೇ ಒಲೆ ಹಚ್ಚಿ ಹದಿನೈದನೆಯದನ್ನು ಮುಗಿಸಿದೆವು. ಚಿಪ್ಸೂ ಇರಲಿ ಅಂತ ಇನ್ನೊಂದು ಡಬ್ಬಿ ತುಂಬಿದೆವು. ಅಷ್ಟರಲ್ಲಿ ಯಜಮಾನರು ಮಂಡಿಯವರೆಗೆ ಹಿಮ ಮೆತ್ತಿಕೊಂಡು ಓಡಿಬಂದರು. ಸ್ಟೇಷನ್ನಿನಲ್ಲಿ ಪೈಪ್ ಒಡೆದಿದೆ ಅಂತ ಬೆಳಗ್ಗೆ ಕರೆಸಿಕೊಂಡಿದ್ದರು, ಅಲ್ಲಿಂದಲೇ ಬಂದದ್ದು. ಸಾಹೇಬರು ಕರೆಯುತ್ತಿದ್ದಾರೆ, ಈಗಲೇ ಹೊರಡು ಅಂದರು. ರೈಲುಗಳೆಲ್ಲ ಸೇತುವೆಯ ಆಚೆ ನಿಂತಿವೆ, ಯಂತ್ರ ಮಾತ್ರ ಎಲ್ಲ ರೈಲೂ ಸರಿಯಾದ ಸಮಯಕ್ಕೆ ಬರಲಿದೆ ಅಂತ ಒದರುತ್ತಲೇ ಇದೆಯಂತೆ. ಅದಕ್ಕೆ ತುಂಬಿಟ್ಟಿರುವುದು ಅಷ್ಟೇ! ಜನ ಅದನ್ನು ನಂಬಿ ಹಳಿಯ ಅಂಚಿಗೆ ನುಗ್ಗುತ್ತಿದ್ದಾರೆ, ಟಿಕೆಟ್ ಹುಡುಗಿಗೆ ಗಂಟಲು ಪೂರ್ತಿ ಕಟ್ಟಿದೆ.

 ಸೋಮವಾರದ ಪರೀಕ್ಷೆ ಭಾನುವಾರವೇ ಬಂತು, ಅದೂ ಊರಿಗೆ ಊರೇ ಕೇಳುವಾಗ. ಆಗುವುದಿಲ್ಲ ಅಂತ ಹೇಳಲು ಬಾಯಿ ತೆಗೆದೆ. ಅತ್ತೆ ಆಗಲೇ ಕೋಟು ಹಾಕಿಕೊಂಡು, ಎರಡು ಡಬ್ಬಿಯನ್ನೂ ಬಗಲಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ಪ್ಲಾಟ್‌ಫಾರಮ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳ ಅಳು, ಗಂಡಸರ ಕೂಗಾಟ, ಮೇಲಿನಿಂದ ಯಂತ್ರದ ಸಿಹಿ ದನಿ. ಸಾಹೇಬರು ನನ್ನನ್ನು ಗಾಜಿನ ಕೋಣೆಗೆ ತಳ್ಳಿ ಯಂತ್ರದ ಗುಂಡಿ ಆರಿಸಿದರು. ನನ್ನ ಕುರ್ಚಿ, ನನ್ನ ಮೈಕು, ಎದುರಿಗೆ ಗಾಜು. ಗಾಜಿನಾಚೆ ಬೆಂಚಿನ ಮೇಲೆ ಅತ್ತೆ, ಡಬ್ಬಿ ತೆರೆದು ಪಕ್ಕದ ಮಕ್ಕಳಿಗೆ ಚಿಪ್ಸ್ ಹಂಚುತ್ತಿದ್ದರು. ಇಷ್ಟು ಗದ್ದಲದಲ್ಲಿ ಈ ತಗ್ಗು ದನಿ ಯಾರಿಗೆ ಕೇಳಿಸುತ್ತದೆ? ಹಳೆಯ ಅಭ್ಯಾಸ ಎದೆಯಿಂದ ಎದ್ದಿತು, ಕೂಗಿಬಿಡೋಣ ಅಂತ ಉಸಿರು ತುಂಬಿಕೊಂಡೆ. ಆಗ ಅತ್ತೆ ತಲೆಯೆತ್ತಿ ನೋಡಿದರು. ಅಂಗೈ ಕೆಳಮುಖ ಮಾಡಿ ಮೆಲ್ಲನೆ ಇಳಿಸಿದರು.

ಗುಳ್ಳೆ ಸುಮ್ಮನಾಗಲಿ.

ಉಸಿರು ಬಿಟ್ಟೆ. ಅವರ ಮುಖವನ್ನೇ ನೋಡುತ್ತಾ, ಅವರೊಬ್ಬರಿಗೇ ಹೇಳುವ ಹಾಗೆ ಹೇಳಿದೆ. ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಹಿಮ ಬಿದ್ದು ರೈಲುಗಳು ಸೇತುವೆಯಾಚೆ ನಿಂತಿವೆ, ಒಳಗಿರುವವರೆಲ್ಲ ಕ್ಷೇಮ. ಮಧ್ಯಾಹ್ನದವರೆಗೆ ಯಾವ ರೈಲೂ ಬರುವುದಿಲ್ಲ. ಹಳಿಯ ಹತ್ತಿರ ನಿಲ್ಲಬೇಡಿ, ಒಳಗಿನ ಕೋಣೆಯಲ್ಲಿ ಒಲೆ ಹಚ್ಚಿದ್ದೇವೆ, ಮಕ್ಕಳನ್ನು ಮೊದಲು ಕರೆತನ್ನಿ.

ಮೊದಲ ಸಾಲಿಗೆ ಯಾರೋ ಯಾರಿಗೋ ಶ್ ಅಂದರು. ದನಿ ಸಣ್ಣದು ಅಂತ ಜನವೇ ಸುಮ್ಮನಾದರು! ಕೂಗಾಟ ಅಡಗಿತು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೊಂದಾಗಿ. ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಇಡೀ ಸ್ಟೇಷನ್ನು ಹೀಗೆ ನಿಂತು ಕೇಳಿದ್ದು ನಾನು ನೋಡಿಯೇ ಇರಲಿಲ್ಲ.  ಮತ್ತೆ ಮೊದಲಿಂದ, ಎರಡನೇ ಸಲ ಅಷ್ಟನ್ನೂ ಹೇಳಿದೆ. ಜನ ಹಳಿ ಬಿಟ್ಟು ಹಿಂದೆ ಸರಿದರು. ಸಾಹೇಬರು ಯಂತ್ರದ ವೈರನ್ನು ಗೋಡೆಯಿಂದ ಕಿತ್ತು ಸುತ್ತಿಡುತ್ತಾ, ನಾಳೆ ಎಂದಿನ ಹೊತ್ತಿಗೆ ಬನ್ನಿ, ಆ ಡಬ್ಬಿಗಳಲ್ಲಿ ಏನಾದರೂ ಉಳಿದಿದೆಯಾ ನೋಡಿ ಅಂದರು.

ಡಬ್ಬಿಗಾಗಿ ಗಾಜಿನಾಚೆ ನೋಡಿದೆ. ಅತ್ತೆ ಎರಡನ್ನೂ ಮೇಲೆತ್ತಿ ತಲೆಕೆಳಗು ಮಾಡಿ ತೋರಿಸಿದರು, ಖಾಲಿ. ಅವರ ತುಟಿ ಆಡುತ್ತಿತ್ತು. ಅಷ್ಟು ಜನರ ಆಚೆಯಿಂದ, ಗಾಜಿನ ಆಚೆಯಿಂದ, ಒಂದಿಷ್ಟೂ ಸದ್ದಿಲ್ಲದೆ ಅವರು ಹೇಳಿದ್ದು ನನಗೆ ಅಕ್ಷರ ಅಕ್ಷರವೂ ಕಾಣಿಸಿತು.

"ಎರಡ್ಸಲ ಯಾಕೆ ಹೇಳ್ತೀಯ? ಒಂದೇ ಸಲಕ್ಕೆ ಗೊತ್ತಾಯ್ತು."

ರೂಢಿ ಅತ್ತೆ, ಅಂದೆ ತುಟಿಯಲ್ಲೇ. ರೂಢಿ ಅತ್ತೆ.